ಅನನೀಯ–ಸಫೈರರ ಪ್ರಸಂಗ: ಆದಿಸಭೆಯಲ್ಲಿ ಸತ್ಯ, ಲೆಕ್ಕ ಮತ್ತು ದೈವತೀರ್ಪು

ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 5ನೇ ಅಧ್ಯಾಯದ ಮೊದಲ 11 ವಚನಗಳು ಅನನೀಯ ಮತ್ತು ಸಫೈರ ಎಂಬ ದಂಪತಿಯ ಕಥೆ ಹೇಳುತ್ತವೆ. ಯೆರೂಸಲೇಮಿನ ಆದಿ ಕ್ರೈಸ್ತ ಸಭೆಗೆ ಅಲ್ಲಿಯವರೆಗೆ ಎದುರಾದ ಬಂಧನ, ವಿಚಾರಣೆ, ಬೆದರಿಕೆಗಳೆಲ್ಲ ಹೊರಗಿನವರು ತಂದಿಟ್ಟವು. ಸಭೆಯೊಳಗೇ ಹುಟ್ಟಿದ ಮೊದಲ ಕೇಡು ಬಂದದ್ದು ಕಾಣಿಕೆಯ ರೂಪದಲ್ಲಿ.

ಆ ಸಭೆಯಲ್ಲಿ ಹೊಲಮನೆ ಇದ್ದವರು ಅವನ್ನು ಮಾರಿ ಬಂದ ಹಣವನ್ನು ಅಪೊಸ್ತಲರ ಪಾದದ ಬಳಿ ತಂದಿಡುತ್ತಿದ್ದರು. ಇಲ್ಲದವರಿಗೆ ಅಲ್ಲಿಂದ ಹಂಚಿಕೆಯಾಗುತ್ತಿತ್ತು. ಸೈಪ್ರಸ್ ದ್ವೀಪದ ಲೇವಿಯನಾದ ಯೋಸೇಫ, ಅಂದರೆ ಮುಂದೆ ಪೌಲನ ಜೊತೆಗಾರನಾದ ಬಾರ್ನಬ, ಹೊಲ ಮಾರಿ ಹಣ ಒಪ್ಪಿಸಿದ ಸಂಗತಿ 4ನೇ ಅಧ್ಯಾಯದ ಕೊನೆಯಲ್ಲಿದೆ. ಅಧ್ಯಾಯಗಳ ವಿಂಗಡಣೆ ಎಷ್ಟೋ ಶತಮಾನ ನಂತರದ್ದು. ಅದನ್ನು ಬದಿಗಿಟ್ಟು ಒಂದೇ ಓಟದಲ್ಲಿ ಓದಿದರೆ, ಬಾರ್ನಬನಿಗೆ ಸಿಕ್ಕ ಗೌರವ ತಮಗೂ ಇರಲಿ, ಆದರೆ ಅಷ್ಟು ಬೆಲೆ ತೆರುವುದು ಬೇಡ ಎಂಬ ದಂಪತಿಯ ಆಸೆ ತಾನೇ ಹೊಳೆಯುತ್ತದೆ.

ಅನನೀಯ ಜಮೀನು ಮಾರಿದ. ಹೆಂಡತಿಗೂ ತಿಳಿದಂತೆ ಹಣದಲ್ಲಿ ಒಂದು ಪಾಲು ಹಿಂದಕ್ಕಿಟ್ಟುಕೊಂಡ. ಉಳಿದದ್ದನ್ನು ತಂದು ಪೂರ್ತಿ ಹಣವೆಂಬಂತೆ ಒಪ್ಪಿಸಿದ. ಅಪೊಸ್ತಲ ಪೇತ್ರ ಆ ಸುಳ್ಳನ್ನು ಬಯಲು ಮಾಡುತ್ತಿದ್ದಂತೆ ಅನನೀಯ ಕುಸಿದು ಬಿದ್ದು ಸತ್ತ. ಯುವಕರು ಶವವನ್ನು ಬಟ್ಟೆಯಲ್ಲಿ ಸುತ್ತಿ ಹೊತ್ತೊಯ್ದು ಹೂಳಿದರು. ಸುಮಾರು ಮೂರು ಗಂಟೆಯ ಬಳಿಕ, ನಡೆದದ್ದೇನೂ ತಿಳಿಯದ ಸಫೈರ ಒಳಗೆ ಬಂದಳು. ಜಮೀನು ಮಾರಿದ್ದು ಇಷ್ಟಕ್ಕೇ ತಾನೇ ಎಂದು ಪೇತ್ರ ಕೇಳಿದ. ಅವಳು ಹೌದು, ಇಷ್ಟಕ್ಕೇ ಎಂದಳು. ಗಂಡನನ್ನು ಹೂಳಿ ಬಂದವರು ಅದೇ ಬಾಗಿಲಿಂದ, ಸತ್ತುಬಿದ್ದ ಅವಳನ್ನೂ ಹೊತ್ತೊಯ್ದರು.

ಮಾರುವ ಮೊದಲು ಜಮೀನು ಅನನೀಯನದೇ ಆಗಿತ್ತು, ಮಾರಿದ ಮೇಲೂ ಹಣ ಅವನ ಕೈಯಲ್ಲೇ ಇತ್ತು ಎಂದು ಪೇತ್ರನೇ ಹೇಳುತ್ತಾನೆ. ಕೊಡಲೇಬೇಕೆಂಬ ಕಟ್ಟಳೆ ಇರಲಿಲ್ಲ. ಮಾರ್ಕನ ತಾಯಿ ಮರಿಯಳಿಗೆ ಯೆರೂಸಲೇಮಿನಲ್ಲಿ ಸ್ವಂತ ಮನೆ ಉಳಿದಿತ್ತೆಂಬುದು 12ನೇ ಅಧ್ಯಾಯದಿಂದ ತಿಳಿಯುತ್ತದೆ. ಅದಕ್ಕಾಗಿ ಆಕೆಯನ್ನು ಯಾರೂ ಆಕ್ಷೇಪಿಸಿಲ್ಲ. ಅರ್ಧವನ್ನು ಅರ್ಧವೆಂದೇ ಹೇಳಿ ಕೊಟ್ಟಿದ್ದರೆ ಅನನೀಯನ ಕಾಣಿಕೆಗೂ ಅಡ್ಡಿ ಇರಲಿಲ್ಲ. ಅಪರಾಧವೆಲ್ಲ ಸುಳ್ಳಿನದು, ಆ ಸುಳ್ಳನ್ನು ಮನುಷ್ಯರಿಗಲ್ಲ, ದೇವರಿಗೇ ಹೇಳಿದ್ದೆಂದು ಪೇತ್ರ ಎಣಿಸುತ್ತಾನೆ. ಪವಿತ್ರಾತ್ಮ ನೆಲೆಸಿರುವ ಸಭೆಯ ಮುಂದೆ ಇಡುವ ಲೆಕ್ಕ ದೇವರ ಮುಂದೆ ಇಟ್ಟ ಲೆಕ್ಕವೇ ಎಂಬ ನಂಬಿಕೆ ಇದರ ಹಿಂದಿದೆ.

ಶಿಕ್ಷೆಯ ಕಠೋರತೆ ಹಿಂದಿನಿಂದಲೂ ಓದುಗರನ್ನು ಕಾಡಿದೆ. ಯೆರಿಕೋ ಪಟ್ಟಣದ ಕೊಳ್ಳೆಯಲ್ಲಿ ದೇವರಿಗೆ ಮೀಸಲಾದದ್ದನ್ನು ಕದ್ದು ಬಚ್ಚಿಟ್ಟ ಆಕಾನನ ಕಥೆ ಇದರ ಹಿನ್ನೆಲೆಯಲ್ಲಿದೆ. ಆದರೆ ಆಕಾನನನ್ನು ಜನರೇ ಕಲ್ಲೆಸೆದು ಕೊಂದರು. ಇಲ್ಲಿ ಯಾರ ಕೈಯೂ ಎದ್ದಿಲ್ಲ. 3ನೇ ಶತಮಾನದ ತತ್ತ್ವಜ್ಞಾನಿ ಪೋರ್ಫಿರಿ ಈ ಸಾವಿಗೆ ಪೇತ್ರನನ್ನೇ ದೂರಿದ್ದ. ಪೇತ್ರ ಅವರ ಸಾವನ್ನು ಬೇಡಲಿಲ್ಲ, ದೇವರ ತೀರ್ಪನ್ನು ಸಾರಿದನಷ್ಟೇ ಎಂದು ಕ್ರೈಸ್ತ ವಿದ್ವಾಂಸ ಜೆರೋಮ್ ಉತ್ತರಿಸಿದ. ಅನನೀಯನ ಮಟ್ಟಿಗೆ ಈ ಸಮಾಧಾನ ಸಲ್ಲುತ್ತದೆ. ಸಫೈರಳಿಗೆ ಗಂಡನ ಸಾವಿನ ಸುದ್ದಿಯನ್ನೂ ತಿಳಿಸದೆ ಪ್ರಶ್ನೆ ಹಾಕಿದ್ದು, ಪಶ್ಚಾತ್ತಾಪಕ್ಕೆ ಬಿಡುವು ಕೊಡದೆ ಅವಳ ಸಾವನ್ನು ಮುನ್ನುಡಿದದ್ದು ಈ ಉತ್ತರಕ್ಕೆ ಪೂರ್ತಿ ದಕ್ಕುವುದಿಲ್ಲ. ಆದರೂ ನಿಜ ಹೇಳಲು ಅವಳಿಗೊಂದು ಅವಕಾಶವಂತೂ ಸಿಕ್ಕಿತ್ತು.

ಸಮಕಾಲೀನ ಯೆಹೂದಿ ಪಂಗಡಗಳಲ್ಲೂ ಇಂಥ ತಪ್ಪಿಗೆ ದಂಡನೆ ಇತ್ತು. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ 1947ರಲ್ಲಿ ದೊರೆತ ಸುರುಳಿಗಳಲ್ಲಿ ಒಂದು ಸಮುದಾಯದ ನಿಯಮಾವಳಿಯಿದೆ. ಅದರಂತೆ ಆಸ್ತಿಯ ವಿಷಯದಲ್ಲಿ ತಿಳಿದೂ ಸುಳ್ಳಾಡಿದವನನ್ನು ಒಂದು ವರ್ಷ ಶುದ್ಧ ಭೋಜನದ ಪಂಕ್ತಿಯಿಂದ ಹೊರಗಿಟ್ಟು, ಅವನ ಆಹಾರದಲ್ಲಿ ಕಾಲುಭಾಗ ಕಡಿತ ಮಾಡಲಾಗುತ್ತಿತ್ತು.

ಕ್ರೈಸ್ತ ಸಭೆಗಳು ಸಹ ಬೇಗನೆ ಹಣದ ಲೆಕ್ಕಕ್ಕೆ ಮನುಷ್ಯರೇ ಮಾಡಿಕೊಂಡ ಏರ್ಪಾಡುಗಳಿಗೆ ಬಂದವು. ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ ಆ ಕೆಲಸಕ್ಕೆ ಏಳು ಮಂದಿಯನ್ನು ನೇಮಿಸಲಾಯಿತು. ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದ ಪೌಲ ಅದನ್ನು ಒಬ್ಬನೇ ಒಯ್ಯಲು ಒಪ್ಪಲಿಲ್ಲ. ದೇವರೆದುರಷ್ಟೇ ಅಲ್ಲ, ಜನರೆದುರೂ ಅಪವಾದಕ್ಕೆ ಎಡೆಯಿರಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ.

2ನೇ ಶತಮಾನದ ಮೊದಲರ್ಧದಲ್ಲಿ ಸ್ಮುರ್ನದ ಬಿಷಪ್ ಪೊಲಿಕಾರ್ಪ್ ಫಿಲಿಪ್ಪಿ ಸಭೆಗೆ ಬರೆದ ಪತ್ರದಲ್ಲಿ ಇನ್ನೊಂದು ದಂಪತಿಯ ಮಾತು ಬರುತ್ತದೆ. ಸಭೆಯ ಹಿರಿಯನಾಗಿದ್ದ ವಾಲೆನ್ಸ್ ತನ್ನ ಸ್ಥಾನದ ಮರ್ಯಾದೆ ಮರೆತು ನಡೆದಿದ್ದ. ಹೆಂಡತಿಯೂ ಅದರಲ್ಲಿ ಸೇರಿದ್ದಳು. ಹಣದಾಸೆಯನ್ನು ತೊರೆದು ಸತ್ಯವಂತರಾಗಿರಿ ಎಂದು ಪೊಲಿಕಾರ್ಪ್ ಆ ಸಂದರ್ಭದಲ್ಲೇ ಎಚ್ಚರಿಸುವುದರಿಂದ ತಪ್ಪು ಹಣದ್ದೇ ಇರಬೇಕು. ಆದರೆ ಇಲ್ಲಿ ಯಾರೂ ಸತ್ತು ಬೀಳುವುದಿಲ್ಲ. ದೇವರು ಅವರಿಗೆ ನಿಜವಾದ ಪಶ್ಚಾತ್ತಾಪ ಕೊಡಲಿ ಎಂದು ಹಾರೈಸಿದ ಪೊಲಿಕಾರ್ಪ್, ಅವರನ್ನು ಶತ್ರುಗಳಂತೆ ಕಾಣದೆ ಮರಳಿ ಕರೆದುಕೊಳ್ಳುವಂತೆ ಸಭೆಗೆ ತಿಳಿಸುತ್ತಾನೆ.