ವಿಶೇಷ ಶಿಕ್ಷಕಿ ಯಾವ ಊರನ್ನು ಆರಿಸಿಕೊಳ್ಳಬೇಕು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ಫೋನ್ ಮಾಡಿ, "ಅಮೆರಿಕದ ಶಾಲೆಗಳ ಬಗ್ಗೆ ಒಂದಿಷ್ಟು ಮಾತಾಡಪ್ಪ, ಕಂಪ್ಯೂಟರ್ ವಿಷಯ ಬೇಡ, ಅದು ನಮಗೆ ತಿಳಿಯಲ್ಲ" ಅಂದರು. ನಾನು ಬಿ.ಇ. ಓದಿದವನು, ದಿನವೆಲ್ಲ ಸಾಫ್ಟ್‌ವೇರ್ ಬರೆಯುವವನು. ಅಲ್ಲಿನ ಶಾಲೆಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ನನ್ನ ಶ್ರೀಮತಿಯಿಂದ ತಿಳಿದದ್ದು. ಈ ಊರಿನ ಸೊಸೆ ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ಶಾಲೆಯಲ್ಲಿ ವಿಶೇಷ ಶಿಕ್ಷಣದ ಶಿಕ್ಷಕಿ. ಮೈಸೂರಿನಲ್ಲಿ ವಿಶೇಷ ಬಿ.ಇಡಿ. ಮಾಡಿ, ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಹೇಳಿದ್ದಳು. ಅಲ್ಲಿಗೆ ಬಂದ ಮೇಲೆ ಇಲ್ಲಿನ ಪದವಿಯನ್ನು ಮೌಲ್ಯಮಾಪನ ಮಾಡಿಸಿ, ಮತ್ತೆ ಓದಿ, ಆ ರಾಜ್ಯದ ಪರವಾನಗಿ ಪಡೆದಳು. ನಂತರ ಮೂರು ಕಡೆಯಿಂದ ಕೆಲಸಕ್ಕೆ ಕರೆ ಬಂತು. ಯಾವುದಕ್ಕೆ ಹೋಗಬೇಕೆಂದು ನಮ್ಮ ಮನೆಯಲ್ಲಿ ಒಂದು ತಿಂಗಳು ಚರ್ಚೆ ನಡೆಯಿತು. ಆ ಚರ್ಚೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಆಕೆಯ ಅಪ್ಪಣೆ ಪಡೆದೇ ಬಂದಿದ್ದೇನೆ.

ನಮ್ಮ ಶಾಲೆ ಶುರುವಾದದ್ದು 1975ರಲ್ಲಿ. ಅದೇ ವರ್ಷ ನವೆಂಬರ್ 29ರಂದು ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಒಂದು ಕಾನೂನಿಗೆ ಸಹಿ ಹಾಕಿದರು. ಅಲ್ಲಿಯವರೆಗೆ ಅಷ್ಟು ಶ್ರೀಮಂತ ದೇಶದಲ್ಲೂ "ಈ ಮಗುವಿಗೆ ವಿದ್ಯೆ ಹತ್ತಲ್ಲ" ಎಂದು ಸರ್ಕಾರಿ ಶಾಲೆಗಳು ಮಕ್ಕಳನ್ನು ವಾಪಸ್ ಕಳಿಸಬಹುದಿತ್ತು. ಹಾಗೆ ಪೂರ್ತಿಯಾಗಿ ಶಾಲೆಯ ಹೊರಗೆ ಉಳಿದವರು ಹತ್ತು ಲಕ್ಷ ಮಕ್ಕಳು ಎಂದು ಆ ಕಾನೂನಿನಲ್ಲೇ ಬರೆದಿದೆ. ತಂದೆ ತಾಯಂದಿರು ಪೆನ್ಸಿಲ್ವೇನಿಯಾದಲ್ಲಿ, ವಾಷಿಂಗ್ಟನ್ ನಗರದಲ್ಲಿ ಕೋರ್ಟಿಗೆ ಹೋಗಿ ಗೆದ್ದ ಮೇಲೆ ಬಂದ ಕಾನೂನು ಅದು. 1990ರಲ್ಲಿ ಅದಕ್ಕೆ ಐ.ಡಿ.ಇ.ಎ. ಎಂಬ ಹೊಸ ಹೆಸರು ಬಂತು. 2022-23ರಲ್ಲಿ 3ರಿಂದ 21 ವಯಸ್ಸಿನ ಸುಮಾರು 75 ಲಕ್ಷ ಮಕ್ಕಳು ಅದರ ಅಡಿಯಲ್ಲಿ ಓದುತ್ತಿದ್ದರು. ಸರ್ಕಾರಿ ಶಾಲೆಯ ನೂರು ಮಕ್ಕಳಲ್ಲಿ ಹದಿನೈದು ಮಂದಿ ಎಂದಿಟ್ಟುಕೊಳ್ಳಿ.

ಆ ಕಾನೂನಿನ ತಿರುಳು ಇಷ್ಟು. ಪ್ರತಿ ಮಗುವಿಗೂ ತಕ್ಕ ಶಿಕ್ಷಣ ಉಚಿತವಾಗಿ ಸಿಗಬೇಕು. ಸಾಧ್ಯವಾದಷ್ಟು ಮಟ್ಟಿಗೆ ಬೇರೆ ಮಕ್ಕಳ ಜೊತೆಯಲ್ಲೇ ಕಲಿಯಬೇಕು. ಒಂದೊಂದು ಮಗುವಿಗೂ ಒಂದೊಂದು ಲಿಖಿತ ಯೋಜನೆ ಇರಬೇಕು. ಅದಕ್ಕೆ ಐ.ಇ.ಪಿ. ಎನ್ನುತ್ತಾರೆ. ಈ ವರ್ಷ ಮಗು ಏನು ಕಲಿಯಬೇಕು, ವಾರಕ್ಕೆ ಎಷ್ಟು ನಿಮಿಷ ಮಾತಿನ ತರಬೇತಿ, ಯಾರು ಕೊಡಬೇಕು, ಎಲ್ಲವೂ ಅದರಲ್ಲಿರುತ್ತದೆ. ವರ್ಷಕ್ಕೊಮ್ಮೆಯಾದರೂ ತಂದೆ ತಾಯಿಯನ್ನು ಕೂರಿಸಿಕೊಂಡು ಅದನ್ನು ಪರಿಶೀಲಿಸಬೇಕು. ಬರೆದದ್ದನ್ನು ಕೊಡದಿದ್ದರೆ ಪೋಷಕರು ದೂರು ಕೊಡಬಹುದು, ವಿಚಾರಣೆ ಕೇಳಬಹುದು.

ಇನ್ನು 'ಸ್ಕೂಲ್ ಡಿಸ್ಟ್ರಿಕ್ಟ್' ಎಂದರೇನು? ನಮ್ಮಲ್ಲಿ ಜಿಲ್ಲೆ ಎಂದರೆ ಡಿಡಿಪಿಐ, ತಾಲ್ಲೂಕು ಎಂದರೆ ಬಿಇಒ. ಶಿಕ್ಷಕರನ್ನು ನೇಮಿಸುವುದು ರಾಜ್ಯ ಸರ್ಕಾರ. ಸಂಬಳ ಬೀದರ್‌ನಲ್ಲೂ ಒಂದೇ, ಚಾಮರಾಜನಗರದಲ್ಲೂ ಒಂದೇ, ಮನೆ ಬಾಡಿಗೆ ಭತ್ಯೆಯಲ್ಲಿ ಮಾತ್ರ ವ್ಯತ್ಯಾಸ. ಇಲ್ಲಿ ಕೂತಿರುವ ಮೇಷ್ಟ್ರುಗಳಿಗೆ ಕೌನ್ಸೆಲಿಂಗ್ ಅಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಪರದೆಯ ಮೇಲೆ ಖಾಲಿ ಜಾಗಗಳ ಪಟ್ಟಿ, ನಮ್ಮ ಸರದಿ ಬರುವಷ್ಟರಲ್ಲಿ ಬೇಕಾದ ಊರು ಹೋಗಿರುತ್ತದೆ, ಒಂದು ನಿಮಿಷದಲ್ಲಿ ಮುಂದಿನ ಐದು ವರ್ಷದ ತೀರ್ಮಾನ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಕೆಲವು ನಮ್ಮ ಒಂದು ಹೋಬಳಿಗಿಂತ ಚಿಕ್ಕವು, ಹವಾಯಿಯಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ. ಹೆಚ್ಚಿನ ಕಡೆ ಜನರೇ ಓಟು ಹಾಕಿ ಆರಿಸಿದ ಮಂಡಳಿ ಇರುತ್ತದೆ. ನೇಮಕಾತಿ, ಸಂಬಳದ ಪಟ್ಟಿ, ಬಜೆಟ್ಟು ಎಲ್ಲವೂ ಆ ಮಂಡಳಿಯದು. ಶಿಕ್ಷಕರು ತಾವೇ ಅರ್ಜಿ ಹಾಕಿ, ಸಂದರ್ಶನ ಕೊಟ್ಟು ಸೇರಬೇಕು. ವಿಶೇಷ ಶಿಕ್ಷಣಕ್ಕಂತೂ ದೇಶದ ಬಹುಪಾಲು ರಾಜ್ಯಗಳಲ್ಲಿ ಶಿಕ್ಷಕರ ಕೊರತೆ. ಹಾಗಾಗಿ ಆರಿಸಿಕೊಳ್ಳುವ ಅವಕಾಶ ಶಿಕ್ಷಕಿಯ ಕೈಯಲ್ಲೂ ಇರುತ್ತದೆ.

ಕಾನೂನು ಒಂದೇ ಆದರೂ ಊರೂರಿಗೆ ಪರಿಸ್ಥಿತಿ ಬೇರೆ. ಕಾರಣ ಹಣ. ವಿಶೇಷ ಶಿಕ್ಷಣಕ್ಕೆ ತಗಲುವ ಹೆಚ್ಚುವರಿ ಖರ್ಚಿಗಾಗಿ, ಒಂದು ಮಗುವಿನ ಸರಾಸರಿ ಶಿಕ್ಷಣ ವೆಚ್ಚದ ಶೇ. 40ರವರೆಗೆ ಕೇಂದ್ರ ಸರ್ಕಾರ ಕೊಡಬಹುದೆಂದು 1975ರಲ್ಲಿ ಹೇಳಿದ್ದರು. ಈಚಿನ ವರ್ಷಗಳಲ್ಲಿ ಕೊಡುತ್ತಿರುವುದು ಶೇ. 15ಕ್ಕಿಂತ ಕಡಿಮೆ. ಉಳಿದದ್ದನ್ನು ರಾಜ್ಯ ಮತ್ತು ಡಿಸ್ಟ್ರಿಕ್ಟ್ ಹೊಂದಿಸಬೇಕು. ಡಿಸ್ಟ್ರಿಕ್ಟ್‌ಗೆ ಬರುವ ಹಣದ ದೊಡ್ಡ ಪಾಲು ಆಸ್ತಿ ತೆರಿಗೆ. ಬೆಲೆಬಾಳುವ ಮನೆಗಳಿರುವ ಕಡೆ ಶಾಲೆಗೆ ಹಣ ಹೆಚ್ಚು, ಕೂಲಿಕಾರರ ಊರಿನಲ್ಲಿ ಕಡಿಮೆ. ಕ್ಯಾಲಿಫೋರ್ನಿಯಾ 2013ರಲ್ಲಿ ಬಡ ಮಕ್ಕಳು ಹೆಚ್ಚಿರುವ ಕಡೆಗೆ ಹೆಚ್ಚು ಹಣ ಹೋಗುವಂತೆ ಸೂತ್ರ ಬದಲಾಯಿಸಿದೆ. ಆದರೂ ಅಂತರ ಪೂರ್ತಿ ಹೋಗಿಲ್ಲ.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. ಹೆಸರು ಹೇಳುವುದಿಲ್ಲ, ಮೊದಲನೆಯದು, ಎರಡನೆಯದು, ಮೂರನೆಯದು ಎನ್ನುತ್ತೇನೆ. ಮೊದಲನೆಯದು ದೊಡ್ಡ ನಗರ. ಸಂಬಳ ಎಲ್ಲಕ್ಕಿಂತ ಹೆಚ್ಚು, ಸೇರಿದ ಕೂಡಲೇ ಬೋನಸ್ಸು ಬೇರೆ. ಎರಡನೆಯದು ನಮ್ಮ ಮನೆಗೆ ಹತ್ತು ನಿಮಿಷದ ದಾರಿ, ನಮ್ಮಂಥ ಐಟಿ ಜನರ ಊರು, ಕಟ್ಟಡ ನೋಡಿದರೆ ಇಂಜಿನಿಯರಿಂಗ್ ಕಾಲೇಜಿನ ಹಾಗೆ. ಮೂರನೆಯದು ಹೊಲ ತೋಟಗಳ ನಡುವಿನ ಊರು. ಹೆಚ್ಚಿನವರು ಮೆಕ್ಸಿಕೋ ಮೂಲದ ಕೃಷಿ ಕೂಲಿಕಾರರು. ಸಂಬಳ ಮೂರರಲ್ಲಿ ಕಡಿಮೆ, ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ.

ನಾನು ನನ್ನ ಅಭ್ಯಾಸದಂತೆ ಎಕ್ಸೆಲ್ ಶೀಟ್ ಮಾಡಿದೆ. ಸಂಬಳ, ದೂರ, ವಿಮೆ, ಪಿಂಚಣಿ, ರಜೆ. ಆಕೆ ಅದನ್ನು ನೋಡಿ, "ಇದು ಯಾವ ಕೆಲಸಕ್ಕಾದರೂ ಆಗುತ್ತೆ. ಮಕ್ಕಳ ಕಾಲಂ ಎಲ್ಲಿ?" ಎಂದು ಕೇಳಿದಳು. ಆಮೇಲೆ ಆಕೆ ಸೇರಿಸಿದ ಪ್ರಶ್ನೆಗಳನ್ನು ನಿಮಗೆ ಹೇಳುತ್ತೇನೆ. ಇಲ್ಲಿ ಯಾರಾದರೂ ಆ ದಾರಿ ಹಿಡಿಯುವವರಿದ್ದರೆ ಉಪಯೋಗಕ್ಕೆ ಬರಲಿ.

ಒಂದು, ನನ್ನ ಪಾಲಿಗೆ ಎಷ್ಟು ಮಕ್ಕಳು? ಸಾಮಾನ್ಯ ತರಗತಿಯ ಮಕ್ಕಳಿಗೆ ನೆರವಾಗುವ ವಿಶೇಷ ಶಿಕ್ಷಕರಿಗೆ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ 28 ಮಕ್ಕಳ ಮಿತಿ ಇದೆ. 28 ಮಕ್ಕಳೆಂದರೆ 28 ಯೋಜನೆ, 28 ಕುಟುಂಬ, ಕನಿಷ್ಠ 28 ಸಭೆ. ಮೊದಲನೆಯ ಡಿಸ್ಟ್ರಿಕ್ಟ್‌ನಲ್ಲಿ ಪೂರ್ತಿ 28, ಮೂರನೆಯದರಲ್ಲಿ 20.

ಎರಡು, ಈ ಜಾಗ ಯಾಕೆ ಖಾಲಿಯಾಯಿತು? ನಮ್ಮಲ್ಲಿ ಈ ಪ್ರಶ್ನೆ ಕೇಳಿದರೆ ಅಧಿಕಪ್ರಸಂಗ ಅನ್ನುತ್ತಾರೆ. ಆಕೆ ಸಂದರ್ಶನದಲ್ಲೇ ಕೇಳಿದಳು. ಮೊದಲನೆಯ ಕಡೆ ಎರಡು ವರ್ಷದಲ್ಲಿ ಮೂವರು ಬಿಟ್ಟು ಹೋಗಿದ್ದರು. ಬೋನಸ್ಸು ಯಾಕೆಂದು ಆಗ ತಿಳಿಯಿತು.

ಮೂರು, ಸಹಾಯಕಿಯರು ಎಷ್ಟು ವರ್ಷದಿಂದ ಇದ್ದಾರೆ? ತರಗತಿಯಲ್ಲಿ ಮಗುವಿನ ಪಕ್ಕದಲ್ಲಿ ಕೂರುವುದು, ಊಟ ಮಾಡಿಸುವುದು, ಶೌಚಾಲಯಕ್ಕೆ ಕರೆದೊಯ್ಯುವುದು ಅವರೇ. ಅವರ ಸಂಬಳ ಕಡಿಮೆ. ಅವರು ನಿಲ್ಲುವ ಶಾಲೆಯಲ್ಲಿ ಮಕ್ಕಳೂ ನೆಮ್ಮದಿಯಾಗಿರುತ್ತಾರೆ ಎನ್ನುವುದು ಆಕೆಯ ಅನುಭವ. ಮೂರನೆಯ ಊರಿನಲ್ಲಿ ಒಬ್ಬ ತಾಯಿ ಹದಿನಾಲ್ಕು ವರ್ಷದಿಂದ ಅದೇ ಕೋಣೆಯಲ್ಲಿದ್ದರು.

ನಾಲ್ಕು, ಕಷ್ಟದ ಮಕ್ಕಳು ಎಲ್ಲಿದ್ದಾರೆ? ಎರಡನೆಯ ಡಿಸ್ಟ್ರಿಕ್ಟ್‌ನಲ್ಲಿ ಕಟ್ಟಡವೆಲ್ಲ ತೋರಿಸಿದರು. ಹೆಚ್ಚಿನ ತೊಂದರೆಯಿರುವ ಮಕ್ಕಳು ಮಾತ್ರ ಕಾಣಲಿಲ್ಲ. ಅವರಲ್ಲಿ ಬಹಳ ಮಂದಿಯನ್ನು ಬಸ್ಸಿನಲ್ಲಿ ಬೇರೆ ಕಡೆಯ ಶಾಲೆಗೆ ಕಳಿಸುತ್ತಿದ್ದರು. ಇದಕ್ಕೆ ಸೇರಿದ ಇನ್ನೊಂದು ಮಾತು. ವಿಶೇಷ ಮಕ್ಕಳ ಸಂಖ್ಯೆ ಕಡಿಮೆ ಇದೆ ಎಂದರೆ ಆ ಊರಿನಲ್ಲಿ ತೊಂದರೆಯಿರುವ ಮಕ್ಕಳೇ ಕಡಿಮೆ ಎಂದು ತಿಳಿಯಬಾರದು. ಟೆಕ್ಸಾಸ್ ರಾಜ್ಯ ಇಂಥ ಮಕ್ಕಳು ಶೇ. 8.5ನ್ನು ಮೀರಬಾರದೆಂಬ ಗುರಿ ಇಟ್ಟಿತ್ತು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನು ಬಯಲಿಗೆ ತಂದಿತು. 2018ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಅದು ಕಾನೂನಿನ ಉಲ್ಲಂಘನೆ ಎಂದಿತು. ಅಷ್ಟು ವರ್ಷ ಎಷ್ಟೋ ಮಕ್ಕಳು ಸಿಗಬೇಕಾದ ನೆರವು ಸಿಗದೆ ಕೂತಿದ್ದರು.

ಐದು, ತಂದೆ ತಾಯಿಯ ಭಾಷೆಯಲ್ಲಿ ಮಾತಾಡುತ್ತಾರೆಯೇ? ಐ.ಇ.ಪಿ. ಸಭೆಯಲ್ಲಿ ಪೋಷಕರಿಗೆ ಇಂಗ್ಲಿಷ್ ಬಾರದಿದ್ದರೆ ದುಭಾಷಿಯನ್ನು ಒದಗಿಸುವುದು ಶಾಲೆಯ ಜವಾಬ್ದಾರಿ. ಮೂರನೆಯ ಊರಿನಲ್ಲಿ ಆಕೆ ನೋಡಲು ಹೋದ ದಿನ, ಹೊಲದಿಂದ ನೇರವಾಗಿ ಬಂದ ಒಬ್ಬ ತಂದೆ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದನಂತೆ. ಸಭೆ ನಡೆಸುತ್ತಿದ್ದ ಶಿಕ್ಷಕಿ ಪ್ರತಿ ವಾಕ್ಯವಾದ ಮೇಲೂ ನಿಲ್ಲಿಸಿ, ದುಭಾಷಿ ಹೇಳಿ ಮುಗಿಸುವವರೆಗೆ ಕಾದು, "ನಿಮ್ಮ ಅಭಿಪ್ರಾಯ ಏನು?" ಎಂದು ಆತನನ್ನು ಕೇಳುತ್ತಿದ್ದರಂತೆ. ಅಂದು ರಾತ್ರಿ ಆಕೆ ನನಗೆ, "ನಮ್ಮೂರಿನ ಅಪ್ಪಂದಿರು ಹೆಡ್‌ಮಾಸ್ಟರ್ ಕೋಣೆಯ ಬಾಗಿಲಲ್ಲೇ ನಿಲ್ಲುತ್ತಾರಲ್ಲ, ಅದು ನೆನಪಾಯಿತು" ಅಂದಳು.

ಆಕೆ ಮೂರನೆಯದನ್ನು ಆರಿಸಿಕೊಂಡಳು. ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ಸಂಜೆಯ ಅಡುಗೆ ನನ್ನ ಪಾಲಿಗೆ ಬಂದವು. ನನ್ನ ಸಾರು ಈಗ ಪರವಾಗಿಲ್ಲ.

ಅಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳಲು ನಾನು ಬಂದಿಲ್ಲ. ಎರಡನೇ ವರ್ಷವೇ ಬಜೆಟ್ ಕಡಿತವಾಗಿ ಒಬ್ಬ ಸಹಾಯಕಿಯ ಕೆಲಸ ಹೋಯಿತು. 20 ಇದ್ದ ಮಕ್ಕಳು 25 ಆದರು. ಮಾತಿನ ತರಬೇತಿ ಕೊಡುವವರು ವಾರಕ್ಕೆ ಎರಡು ದಿನ ಮಾತ್ರ ಬರುತ್ತಾರೆ. ಮನೆಗೆ ಬಂದ ಮೇಲೂ ರಾತ್ರಿ ಹನ್ನೊಂದರವರೆಗೆ ವರದಿ ಬರೆಯುತ್ತಾಳೆ. ಪ್ರತಿ ವಸಂತದಲ್ಲಿ ಈ ಊರಿನಲ್ಲಿ ಮುಂದುವರಿಯಬೇಕೇ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಇದುವರೆಗೆ ಆಕೆ ಮುಂದುವರಿದಿದ್ದಾಳೆ. ತಾನು ಬಿಟ್ಟರೆ ಆ ಮಕ್ಕಳಿಗೆ ಮತ್ತೆ ಹೊಸ ಮುಖ, ಮತ್ತೆ ಮೊದಲಿನಿಂದ ಶುರು ಎನ್ನುವುದೇ ಆಕೆಯನ್ನು ಹಿಡಿದಿಟ್ಟಿದೆ.

ನಮ್ಮ ಕಡೆಗೆ ಬರೋಣ. ನಮ್ಮಲ್ಲೂ ಕಾನೂನಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಗುರುತಿಸಿದೆ. ಆಟಿಸಂ, ಕಲಿಕಾ ನ್ಯೂನತೆ ಎರಡೂ ಅದರಲ್ಲಿವೆ. ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವಯಸ್ಸಿನ ಮಗು ನೆರೆಯ ಶಾಲೆಯಲ್ಲಿ ಅಥವಾ ಬೇಕೆಂದರೆ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕು ಪಡೆದಿದೆ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ನಮ್ಮ ತಾಲ್ಲೂಕಿನಲ್ಲಿ ಬಿಆರ್‌ಸಿಯ ವಿಶೇಷ ಸಂಪನ್ಮೂಲ ಶಿಕ್ಷಕರು, ಬಿ.ಐ.ಇ.ಆರ್.ಟಿ.ಯವರು, ಹಳ್ಳಿಯಿಂದ ಹಳ್ಳಿಗೆ ಓಡಾಡುತ್ತಾರೆ. ನಡೆಯಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುತ್ತಾರೆ. ನಿನ್ನೆ ಅವರಲ್ಲೊಬ್ಬರನ್ನು ಭೇಟಿಯಾಗಿ ಬಂದೆ. ಅವರ ಬೈಕಿನ ಮೀಟರ್ ನೋಡಿದರೆ ನನ್ನ ಶ್ರೀಮತಿಯ ಎರಡು ಗಂಟೆ ಪ್ರಯಾಣ ಏನೂ ಅಲ್ಲ ಅನಿಸಿತು.

ನಮ್ಮ ತರಗತಿಯಲ್ಲೂ ಹಿಂದಿನ ಬೆಂಚಿನಲ್ಲಿ ಒಬ್ಬ ಕೂರುತ್ತಿದ್ದ. ಬೋರ್ಡಿನ ಮೇಲಿದ್ದದ್ದನ್ನು ಅಂದವಾಗಿ ಬರೆದುಕೊಳ್ಳುತ್ತಿದ್ದ, ಬಾಯಲ್ಲಿ ಹೇಳಿದ ಡಿಕ್ಟೇಶನ್ ಮಾತ್ರ ಬರುತ್ತಿರಲಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ. ಕಿವಿ ಸರಿಯಾಗಿ ಕೇಳುವುದಿಲ್ಲ ಎಂದು ಅವನಿಗೇ ತಿಳಿದದ್ದು ಇಪ್ಪತ್ತೈದರ ನಂತರ. ಇದರಲ್ಲಿ ಯಾರದೂ ತಪ್ಪು ಹುಡುಕುವುದು ಬೇಡ. ಅಂದು ಪರೀಕ್ಷಿಸಿ ನೋಡುವ ವ್ಯವಸ್ಥೆಯೇ ಹಳ್ಳಿಗೆ ಬಂದಿರಲಿಲ್ಲ. ಇವತ್ತು ಬಂದಿದೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ.

ಅದಕ್ಕೆ ಸಂಘದ ಮುಂದೆ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ, ಸಂತೋಷ, ನನ್ನ ಪಾಲನ್ನೂ ಕೊಡುತ್ತೇನೆ. ಅದರ ಜೊತೆಗೆ ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರುವ ಎಲ್ಲ ಮಕ್ಕಳಿಗೂ ಕಣ್ಣು, ಕಿವಿ ತಪಾಸಣೆ ಮಾಡಿಸೋಣ. ಕನ್ನಡಕ, ಶ್ರವಣ ಸಾಧನ ಬೇಕಾದವರಿಗೆ ಸರ್ಕಾರದಿಂದ ಸಿಗುವುದನ್ನು ಕೊಡಿಸೋಣ, ಸಿಗದಿದ್ದರೆ ನಾವು ಕೊಡೋಣ. ಯುಡಿಐಡಿ ಕಾರ್ಡ್ ಮಾಡಿಸಲು ಜಿಲ್ಲಾ ಆಸ್ಪತ್ರೆಗೆ ಅಲೆಯುವ ಪೋಷಕರ ಜೊತೆ ನಮ್ಮಲ್ಲೊಬ್ಬರು ಹೋಗೋಣ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಅಂಥ ಮಕ್ಕಳಿಗೆ ಹೆಚ್ಚಿನ ಸಮಯ, ಬರೆಯುವ ಸಹಾಯಕರ ಸೌಲಭ್ಯ ಇದೆ. ಅದಕ್ಕೆ ಮೊದಲೇ ಕಾಗದಪತ್ರ ಸಿದ್ಧವಾಗಿರಬೇಕು.

ಕೊನೆಗೆ ಇಲ್ಲಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಬಿ.ಇಡಿ. ಮಾಡಬೇಕೆಂದಿರುವವರು ವಿಶೇಷ ಬಿ.ಇಡಿ. ಬಗ್ಗೆಯೂ ವಿಚಾರಿಸಿ. ಕಾಲೇಜಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಓದಿ ಮುಗಿದ ಮೇಲೆ ಅಮೆರಿಕವಾಗಲಿ, ನಮ್ಮ ತಾಲ್ಲೂಕಾಗಲಿ, ಆ ಐದು ಪ್ರಶ್ನೆಗಳನ್ನು ಕೇಳಿಯೇ ಊರನ್ನು ಆರಿಸಿಕೊಳ್ಳಿ. ಆರಿಸಿಕೊಳ್ಳುವ ಅವಕಾಶವೇ ಇಲ್ಲದೆ ಆರ್ಡರ್ ಬಂದ ಊರಿಗೆ ಹೋದರೂ ಆ ಪ್ರಶ್ನೆಗಳನ್ನು ಅಲ್ಲಿ ಕೇಳಿ.

 ಈ ಊರಿನ ಸೊಸೆ ಮುಂದಿನ ಜೂನ್‌ನಲ್ಲಿ ರಜೆಗೆ ಬರುತ್ತಾಳೆ, ಮೊದಲ ತಪಾಸಣೆಯ ದಿನ ಮಕ್ಕಳ ಜೊತೆ ಕೂರುತ್ತೇನೆಂದು ಹೇಳಿ ಕಳಿಸಿದ್ದಾಳೆ. ದಿನಾಂಕವನ್ನು ಸಂಘದವರು ಇವತ್ತೇ ಗೊತ್ತುಮಾಡಿದರೆ ಟಿಕೆಟ್ ಬುಕ್ ಮಾಡಲು ನಮಗೂ ಅನುಕೂಲ.