ಆರು ನಿಮಿಷದ ನೀರು



ಅಥೆನ್ಸಿನ ಹಳೆಯ ಪೇಟೆಬಯಲು ಅಗೋರಾದಲ್ಲಿ ಉತ್ಖನನ ನಡೆದಾಗ ಒಂದು ಮಣ್ಣಿನ ಪಾತ್ರೆ ಸಿಕ್ಕಿತು. ಕ್ರಿಸ್ತಪೂರ್ವ 5ನೆಯ ಶತಮಾನದ ಕೊನೆಯ ಭಾಗದ್ದು. ಬುಡದ ಹತ್ತಿರ ಸಣ್ಣ ತೂತು, ಅದಕ್ಕೊಂದು ಕಂಚಿನ ಕೊಳವೆ. ಹಿಡಿಯುವ ನೀರು ಸುಮಾರು 6.4 ಲೀಟರ್, ಬಿರಡೆ ತೆಗೆದರೆ ಆರು ನಿಮಿಷದಲ್ಲಿ ಖಾಲಿ. ನ್ಯಾಯಾಲಯದಲ್ಲಿ ಮಾತಿಗೆ ನಿಂತವರ ಹೊತ್ತನ್ನು ಅಳೆಯುತ್ತಿದ್ದದ್ದು ಇಂಥ ಪಾತ್ರೆಗಳೇ. ಮೊದಲು ದೂರಕ್ಕೆ ಚಿಮ್ಮುವ ನೀರು, ಮಟ್ಟ ಇಳಿದಂತೆ ಸೊರಗುತ್ತ ಬುಡಕ್ಕೇ ಬೀಳತೊಡಗುತ್ತದೆ. ಖಾಸಗಿ ವ್ಯಾಜ್ಯಗಳಲ್ಲಿ ಕಾನೂನನ್ನೋ ಸಾಕ್ಷಿಯ ಹೇಳಿಕೆಯನ್ನೋ ಓದುವಾಗ ನೀರನ್ನು ತಡೆಹಿಡಿಯುತ್ತಿದ್ದರು. ಎಷ್ಟು ನ್ಯಾಯವಾದ ಏರ್ಪಾಡು!

ಭಾಷಣಕ್ಕೊಂದು ಚೌಕಟ್ಟು ಬೇಕು ಎಂಬ ಅರಿವು ಮೂಡಿದ್ದು ಮಾತನಾಡದೆ ವಿಧಿಯಿಲ್ಲದ ಜನಸಾಮಾನ್ಯರಿಂದ. ಸಿಸಿಲಿಯ ಸಿರಾಕ್ಯೂಸ್ ನಗರದಲ್ಲಿ ಕ್ರಿಸ್ತಪೂರ್ವ 466ರ ಸುಮಾರಿಗೆ ನಿರಂಕುಶ ಆಳ್ವಿಕೆ ಬಿದ್ದುಹೋಯಿತು. ಕಿತ್ತುಕೊಂಡ ಜಮೀನಿಗಾಗಿ ಜನ ನ್ಯಾಯಾಲಯದ ಮೆಟ್ಟಿಲೇರಿದರು. ಅವರಿಗೆ ಮಾತು ಜೋಡಿಸುವ ಕ್ರಮವನ್ನು ಕೋರಾಕ್ಸ್ ಮತ್ತು ಅವನ ಶಿಷ್ಯ ಟಿಸಿಯಸ್ ಕಲಿಸಿದರೆಂದು ಪರಂಪರೆ ಹೇಳುತ್ತದೆ. ಅಥೆನ್ಸಿನಲ್ಲೂ ವಾದಿ ಪ್ರತಿವಾದಿಗಳು ತಾವೇ ಮಾತಾಡಬೇಕಿತ್ತು. ಅವರಿಗೆ ಭಾಷಣ ಬರೆದುಕೊಡುತ್ತಿದ್ದವರಲ್ಲಿ ಲಿಸಿಯಸ್ ಹೆಸರುವಾಸಿ. ಅವನ ತಂದೆಯ ಊರೂ ಸಿರಾಕ್ಯೂಸೇ. ಅವನ ಭಾಷಣಗಳ ನಡೆ ಸರಳ: ಚುಟುಕಾದ ಪೀಠಿಕೆ, ನಡೆದ ಸಂಗತಿ, ಪುರಾವೆ, ಮುಕ್ತಾಯ. ಸಂಗತಿ ಹೇಳುವಾಗ ಮನೆಯ ಮಹಡಿಯಲ್ಲಿ ಯಾರಿದ್ದರು, ಕೆಳಗೆ ಯಾರಿದ್ದರು ಎಂಬಷ್ಟು ವಿವರ ಕೊಡುತ್ತಾನೆ. ಪುರಾವೆಗೆ ಬರುವಷ್ಟರಲ್ಲಿ ಕೇಳುವವರು ಅರ್ಧ ನಂಬಿಯೇ ಬಿಟ್ಟಿರುತ್ತಾರೆ.

ಅರಿಸ್ಟಾಟಲ್ ಇನ್ನೂ ನಿಷ್ಠುರ. ಭಾಷಣಕ್ಕೆ ಅಗತ್ಯವಾದ ಭಾಗಗಳು ಎರಡೇ ಎನ್ನುತ್ತಾನೆ: ವಿಷಯ ಮಂಡಿಸುವುದು, ಅದನ್ನು ಸಾಧಿಸುವುದು. ಬೇಕಾದರೆ ಪೀಠಿಕೆ, ಉಪಸಂಹಾರ ಸೇರಲಿ. ನಾಲ್ಕಕ್ಕಿಂತ ಹೆಚ್ಚು ಬೇಡ. ರೋಮಿನಲ್ಲಿ ಸಿಸೆರೊ ಅದನ್ನು ಆರು ಮಾಡಿದ. ಚಿಕ್ಕ ಭಾಷಣದ ಮಟ್ಟಿಗೆ ನನ್ನ ಒಲವು ಅರಿಸ್ಟಾಟಲನ ಕಡೆಗೇ.

ಅದಕ್ಕೆ ಅಮೆರಿಕದ ಗೆಟಿಸ್‌ಬರ್ಗ್ ಸಾಕ್ಷಿ. 1863ರ ನವೆಂಬರ್ 19ರಂದು, ಅಂತರ್ಯುದ್ಧದಲ್ಲಿ ಮಡಿದವರ ಸಮಾಧಿಭೂಮಿಯ ಸಮರ್ಪಣೆಯಲ್ಲಿ, ಹೆಸರಾಂತ ವಾಗ್ಮಿ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದರು. ಬಳಿಕ ಎದ್ದ ಅಧ್ಯಕ್ಷ ಅಬ್ರಹಾಂ ಲಿಂಕನ್ ಎರಡು ಮೂರು ನಿಮಿಷದಲ್ಲಿ ಮುಗಿಸಿದರು. ಎಲ್ಲ ಸೇರಿ ಸುಮಾರು 270 ಪದ. ಬಿಡಿಸಿ ನೋಡಿದರೆ ಕಟ್ಟಡ ಕಾಣುತ್ತದೆ. ಮೊದಲ ವಾಕ್ಯ 87 ವರ್ಷ ಹಿಂದಕ್ಕೆ, ದೇಶ ಹುಟ್ಟಿದ ಗಳಿಗೆಗೆ ಹೋಗುತ್ತದೆ. ಮುಂದಿನದು ಇಂದಿನ ಯುದ್ಧ, ಕಾಲಡಿಯ ಈ ನೆಲ. ಅಲ್ಲೇ ಮಾತು ತಿರುಗುತ್ತದೆ: ಈ ನೆಲವನ್ನು ಪವಿತ್ರಗೊಳಿಸಲು ನಮ್ಮಿಂದಾಗದು, ಇಲ್ಲಿ ಹೋರಾಡಿದವರು ಆಗಲೇ ಮಾಡಿದ್ದಾರೆ, ಬದುಕಿರುವವರು ಉಳಿದ ಕೆಲಸಕ್ಕೆ ತಮ್ಮನ್ನು ಅರ್ಪಿಸಿಕೊಳ್ಳಬೇಕು. ಹಿಂದು, ಇಂದು, ಮುಂದು. ನಡುವಿನ ಆ ಒಂದು ತಿರುವನ್ನು ತೆಗೆದುಬಿಟ್ಟರೆ ಭಾಷಣವೇ ಕುಸಿಯುತ್ತದೆ. ತಾನು ಎರಡು ಗಂಟೆಯಲ್ಲಿ ಮುಟ್ಟಲೆತ್ನಿಸಿದ ತಿರುಳನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಿರಿ ಎಂಬರ್ಥದ ಪತ್ರವನ್ನು ಎವರೆಟ್ ಮರುದಿನವೇ ಬರೆದರು. ಅದು ದೊಡ್ಡ ಮನಸ್ಸು.

1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಭಾಷಣದ ಅಭ್ಯಾಸಕ್ಕೆಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಆರಂಭಿಸಿದರು. ಬೆಂಗಳೂರಿನಲ್ಲೂ ಇಂದು ಅದರ ಕ್ಲಬ್ಬುಗಳಿವೆ. ಅಲ್ಲಿ ಹೊತ್ತು ಅಳೆಯಲು ನೀರಿನ ಬದಲು ದೀಪ. ಸಾಮಾನ್ಯವಾಗಿ ಐದರಿಂದ ಏಳು ನಿಮಿಷದ ಭಾಷಣ; ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು.

ನಮ್ಮಲ್ಲಿ ಚಿಕ್ಕ ಭಾಷಣಕ್ಕೆ ಹೊಸ ಪರೀಕ್ಷೆ ಬಂದದ್ದು ಬಾನುಲಿಯಿಂದ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆಕಾಶವಾಣಿ ಕೇಂದ್ರ ಶುರುಮಾಡಿದರು. ವೇದಿಕೆಯ ಮೇಲಿನವನಿಗೆ ಆಕಳಿಸುವವರು ಕಾಣುತ್ತಾರೆ, ದಾರಿ ಬದಲಿಸಬಹುದು. ಮೈಕಿನ ಮುಂದೆ ಆ ಅನುಕೂಲವಿಲ್ಲ. ಕೇಳುಗರಿಗೂ ಹಿಂದಿನ ಪುಟ ತಿರುವುವ ಅವಕಾಶವಿಲ್ಲ. ಹಾಗಾಗಿ ಹೊಸ ಹೆಸರು ಬಂದರೆ ಅವರು ಯಾರೆಂಬುದು ಅಲ್ಲೇ ಬರಬೇಕು. ಅಂಕಿಗಳು ಒಂದರ ಮೇಲೊಂದು ಬೀಳಬಾರದು.

ಮುಂದಿನ ವಾರ ನಿಮ್ಮೂರ ಶಾಲೆಯಲ್ಲೋ ಸಂಘದಲ್ಲೋ ಐದು ನಿಮಿಷ ಮಾತಾಡಬೇಕಾಗಿ ಬಂದರೆ, ಹೇಳಲೇಬೇಕಾದದ್ದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದಿಡಿ. ಅದಕ್ಕೆ ಕಣ್ಣಿಗೆ ಕಟ್ಟುವಂಥ ಒಂದು ಸಂಗತಿ, ಗಟ್ಟಿಯಾದ ಒಂದು ಕಾರಣ ಹುಡುಕಿ. ಗಟ್ಟಿಯಾಗಿ ಓದಿ, ಹೊತ್ತು ನೋಡಿ. ಹೆಚ್ಚಾದರೆ ಪೀಠಿಕೆಯನ್ನು ಕತ್ತರಿಸಿ, ಸಂಗತಿಯನ್ನಲ್ಲ. ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ.