ಪರನಾಡಿನ ಇರುಳು



ತುಂಗಭದ್ರೆಯ ದಡದ ಹಮ್ಮಿಗಿಯ ಸೀಮೆಯಲ್ಲಿ ಇರುಳು ನಿದ್ರೆಗೆ ಮಾತ್ರ ಮೀಸಲಾದುದಲ್ಲ. ದೊಡ್ಡಾಟವೆಂದರೆ ರಾತ್ರಿ ಮೊದಲಾಗಿ ಬೆಳಗಿಗೆ ಮುಗಿಯುವ ಕಲೆ. ಅಂತಹ ಸೀಮೆಯ ತರುಣನು ವಿದ್ಯೆಗೋ ಉದ್ಯೋಗಕ್ಕೋ ಪರದೇಶವನ್ನು ಸೇರಿದಾಗ ಅಲ್ಲಿಯ ರಾತ್ರಿಗಳನ್ನು ಹೇಗೆ ಕಳೆಯಬೇಕು? ಹೆತ್ತವರು ‘ಕತ್ತಲಾಗುವ ಮೊದಲೇ ಕೋಣೆ ಸೇರು’ ಎನ್ನುವರು; ಗೆಳೆಯರು ‘ಬೆಳಗಾಗುವವರೆಗೆ ಕುಣಿಯೋಣ ಬಾ’ ಎನ್ನುವರು. ಎರಡು ಮಾತುಗಳೂ ಪೂರ್ತಿ ಒಪ್ಪತಕ್ಕವಲ್ಲ.

ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು (1922–2011) 1933ರಲ್ಲಿ, ಹನ್ನೊಂದರ ಎಳೆವಯಸ್ಸಿನಲ್ಲಿ, ಗುರುವನ್ನರಸುತ್ತ ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಮೊದಲಾದ ಊರುಗಳು ಆ ಬಾಲಕನಿಗೆ ಪರದೇಶವೇ; ನುಡಿ ಬೇರೆ, ಅನ್ನ ಬೇರೆ. ಜಲಂಧರಿನಲ್ಲಿ 1875ರಿಂದ ನಡೆದುಬಂದ ಹರಿವಲ್ಲಭ ಸಂಗೀತ ಸಮ್ಮೇಳನವಿತ್ತು. ಆತ ಬಾಗಿಲಿಕ್ಕಿಕೊಂಡು ಕೂಡಲಿಲ್ಲ, ಹೋಗಿ ಕೇಳಿದ. ಆ ಊರಿನಲ್ಲಿಯೇ ವಿನಾಯಕರಾವ್ ಪಟವರ್ಧನರು ಆತನಿಗೆ ದಾರಿ ತೋರಿದರು: ಅರಸುವ ಗುರು ಕುಂದಗೋಳದ ಸವಾಯಿ ಗಂಧರ್ವರು! ಮನೆಯ ಮಗ್ಗುಲಿನ ನಿಧಿಯನ್ನು ಪರನಾಡು ತಿಳಿಸಿಕೊಟ್ಟಿತು. 1936ರಲ್ಲಿ ಶಿಷ್ಯವೃತ್ತಿ ಮೊದಲಾಯಿತು. ಮುಂದೆ 1953ರಲ್ಲಿ, ತಾವು ನೆಲಸಿದ ಪುಣೆಯಲ್ಲಿ, ಗುರುವಿನ ಹೆಸರಿನ ಉತ್ಸವವನ್ನು ಅವರು ಆರಂಭಿಸಿದರು. ಬಹುಕಾಲ ಅದು ಇರುಳಿಡೀ ನಡೆಯಿತು. ಪರನಾಡಿನ ರಾತ್ರಿಯಿಂದ ಪಡೆದ ಸಾಲವನ್ನು ಪರನಾಡಿನ ರಾತ್ರಿಗೇ ತೀರಿಸಿದರೆಂದು ನಾನು ತಿಳಿಯುತ್ತೇನೆ.

ಆದುದರಿಂದ ತರುಣರೇ, ಹೊರಡಿರಿ. ಅಲ್ಲಿಯವರ ನಾಟಕವನ್ನು ನೋಡಿರಿ, ಹಾಡನ್ನು ಕೇಳಿರಿ, ಬೀದಿಯ ತಿನಿಸನ್ನು ಸವಿಯಿರಿ. ಆದರೆ ಅತಿಥಿಯ ಮರ್ಯಾದೆಯನ್ನು ಮರೆಯದಿರಿ. ಬೆಳಗಾದ ಮೇಲೆ ನೆನಪೊಂದೂ ಉಳಿಯದಿದ್ದರೆ ಆ ಇರುಳು ನಿಮ್ಮನ್ನು ಉಂಡಿತು. ಕಿವಿಯಲ್ಲಿ ಒಂದು ಸ್ವರವಾದರೂ ಉಳಿದರೆ ನೀವು ಅದನ್ನು ಉಂಡಿರಿ.